ಮಳೆ ಬಂದ್ರೆ: ಪ್ಯೊಂಗ್ಯಾಂಗ್‌ನಲ್ಲಿ ಒಂದು ವರ್ಷದ ಇಂಗ್ಲಿಷ್ ಪಾಠ

ಲೆಸನ್ ಪ್ಲಾನ್ ವಾಪಸ್ ಬಂದಾಗ ಅದ್ರಲ್ಲಿ ಒಂದೇ ಒಂದು ವಾಕ್ಯದ ಮೇಲೆ ಪೆನ್ಸಿಲ್ ಗೆರೆ ಇತ್ತು. ಸ್ಕೇಲ್ ಇಟ್ಟು ಎಳೆದ ಹಾಗೆ ತೆಳ್ಳಗೆ, ನೀಟಾಗಿ, ಬೇಕಾದ್ರೆ ರಬ್ಬರ್ ಹಾಕಿ ಅಳಿಸಿಬಿಡ್ಬೋದು ಅನ್ನೋ ಥರ. ಪಾಠ ಕಂಡೀಷನಲ್ ವಾಕ್ಯಗಳದ್ದು. ಅದೇ, ಇಫ್ ಐ ಹ್ಯಾಡ್ ಅಂತ ಶುರುವಾಗೋದು, ನಡೆಯದೇ ಹೋಗಿದ್ದನ್ನ ನಡೆದಿದ್ರೆ ಅಂತ ಊಹಿಸೋ ವಾಕ್ಯಗಳು. ನಾನು ಹತ್ತು ಉದಾಹರಣೆ ಬರೆದು ಕೊಟ್ಟಿದ್ದೆ, ಮಳೆ ಬರದೇ ಇದ್ದಿದ್ರೆ ನದಿ ಕಡೆ ಹೋಗ್ತಿದ್ವಿ, ಬಸ್ ಮಿಸ್ ಆಗದೇ ಇದ್ದಿದ್ರೆ ಲೇಟ್ ಆಗ್ತಿರ್ಲಿಲ್ಲ, ಇಂಥವು. ಒಂಬತ್ತು ಪಾಸ್ ಆಗಿದ್ವು. ಗೆರೆ ಬಿದ್ದಿದ್ದು ಏಳನೇದಕ್ಕೆ: ನಾನು ಬೇರೆ ದೇಶದಲ್ಲಿ ಹುಟ್ಟಿದ್ದಿದ್ರೆ ಮೊದಲು ಬೇರೆ ಭಾಷೆ ಕಲ್ತಿರ್ತಿದ್ದೆ.

ನನ್ನ ಪಾಠಗಳನ್ನ ಮೊದ್ಲೇ ಓದಿ ಒಪ್ಪಿಗೆ ಕೊಡ್ತಿದ್ದ ಅಲ್ಲಿನ ಸಹೋದ್ಯೋಗಿ ಒಬ್ರಿದ್ರು, ಐವತ್ತರ ಆಸುಪಾಸಿನ ತುಂಬಾ ಮೆತ್ತಗಿನ ಮನುಷ್ಯ, ಅವರನ್ನ ಕೇಳಿದೆ, ಇದ್ರಲ್ಲಿ ಏನು ತೊಂದ್ರೆ ಸರ್ ಅಂತ. ಅವರು ನಗ್ತಾನೇ, ತೊಂದ್ರೆ ಏನಿಲ್ಲ, ಈ ವಾಕ್ಯ ಬೇಕಾಗಲ್ಲ ಅಷ್ಟೆ, ಅಂದ್ರು. ನಮ್ಮ ಹುಡುಗರು ಇಲ್ಲೇ ಹುಟ್ಟಿದ್ದಾರಲ್ಲ, ಮತ್ಯಾಕೆ ಅದು?

ಆಗ ನನಗೆ ನಗು ಬಂದಿತ್ತು. ಆ ಉತ್ತರ ಎಷ್ಟು ಪಕ್ಕಾ ಇತ್ತು ಅನ್ನೋದು ಹೊಳೆಯೋಕೆ ನನಗೆ ಇನ್ನೂ ಕೆಲವು ತಿಂಗಳು ಬೇಕಾಯ್ತು.

ನಾನು ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್‌ನಲ್ಲಿ ಇದ್ದಿದ್ದು 2015ರ ಆಗಸ್ಟ್ ಕೊನೆಯಿಂದ 2016ರ ಜೂನ್‌ವರೆಗೆ, ಮಧ್ಯ ಚಳಿಗಾಲದ ರಜೆ ಬಿಟ್ಟು. ಯಾವ ಕಾಲೇಜು ಅಂತ ಬರೆಯಲ್ಲ. ಹುಡುಗರ ಬಗ್ಗೆ ಬರೆಯೋ ಕಡೆಯೆಲ್ಲ ಗುರುತು ಸಿಗೋ ವಿವರ ಬದಲಾಯಿಸಿದೀನಿ, ಒಂದು ಲೆಕ್ಕ ಮಾತ್ರ ಇದ್ದ ಹಾಗೇ ಇಟ್ಟಿದೀನಿ, ಅದ್ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಇಷ್ಟು ವರ್ಷ ಇದನ್ನ ಬರೆಯದೇ ಇದ್ದಿದ್ದಕ್ಕೂ ಅದೇ ಕಾರಣ. ನಾನು ಏನು ಬರೆದ್ರೂ ಅದರ ಬಿಲ್ ನನ್ನ ಹೆಸರಿಗೆ ಬರಲ್ಲ, ಅಲ್ಲಿರೋರ ಹೆಸರಿಗೆ ಹೋಗುತ್ತೆ. ಅಲ್ಲಿ ಪಾಠ ಮಾಡೋದ್ರಲ್ಲಿ ಇದ್ದ ಮುಖ್ಯ ಕಷ್ಟವೂ ಇದೇ. ಬೇರೆ ಕಷ್ಟಗಳೆಲ್ಲ, ಕರೆಂಟ್ ಹೋಗೋದು, ಚಳಿ, ಇಂಟರ್ನೆಟ್ ಇಲ್ಲದ್ದು, ಹೇಳ್ಕೊಳ್ಳೋಕೆ ಮಜಾ ಇರುತ್ತೆ, ಆದ್ರೆ ಒಂದು ತಿಂಗಳಲ್ಲಿ ಅಭ್ಯಾಸ ಆಗೋಗುತ್ತೆ.

ನಾನು ಹೋಗೋ ಹೊತ್ತಿಗೆ ಸರಿಯಾಗಿ ಎರಡು ಕೊರಿಯಾಗಳೂ ಯುದ್ಧದ ಅಂಚಿಗೆ ಹೋಗಿ ಬಂದಿದ್ವು. ಆಗಸ್ಟ್ 4ಕ್ಕೆ ಗಡಿಯಲ್ಲಿ ನೆಲಬಾಂಬ್ ಸಿಡಿದು ದಕ್ಷಿಣದ ಇಬ್ಬರು ಸೈನಿಕರಿಗೆ ಗಾಯ ಆಗಿತ್ತು, ಆಮೇಲೆ ದಕ್ಷಿಣದವರು ಗಡಿಯಲ್ಲಿ ದೊಡ್ಡ ದೊಡ್ಡ ಲೌಡ್‌ಸ್ಪೀಕರ್ ಹಾಕಿ ಪ್ರಚಾರ ಶುರು ಮಾಡಿದ್ರು, 20ಕ್ಕೆ ಗುಂಡು ಹಾರಿದ್ವು, 25ಕ್ಕೆ ರಾಜಿ. ನಾನು ಬೀಜಿಂಗ್‌ನಲ್ಲಿ ಏರ್ ಕೊರ್ಯೊ ವಿಮಾನ ಹತ್ತೋವಾಗ ಮನೆಯವರ ಮೆಸೇಜ್‌ಗಳು ಬರ್ತಾನೇ ಇದ್ವು. ಪ್ಯೊಂಗ್ಯಾಂಗ್‌ನ ಸುನಾನ್ ಏರ್‌ಪೋರ್ಟ್‌ನ ಹೊಸ ಟರ್ಮಿನಲ್ ಜುಲೈನಲ್ಲಿ ಓಪನ್ ಆಗಿತ್ತಷ್ಟೆ, ಗಾಜು ಫಳಫಳ ಅಂತಿತ್ತು. ಕಸ್ಟಮ್ಸ್‌ನಲ್ಲಿ ಬ್ಯಾಗ್‌ನಲ್ಲಿದ್ದ ಪುಸ್ತಕಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದ್ರು, ಕನ್ನಡ ಪುಸ್ತಕ ಒಂದನ್ನ ತಲೆಕೆಳಗಾಗಿ ಹಿಡ್ಕೊಂಡು ಸುಮಾರು ಹೊತ್ತು ನೋಡಿ, ಪಕ್ಕದವನಿಗೆ ತೋರಿಸಿ, ವಾಪಸ್ ಇಟ್ರು.

ಬೀಜಿಂಗ್ ಟೈಮ್‌ನಲ್ಲಿದ್ದ ವಾಚ್ ಅರ್ಧ ಗಂಟೆ ಅಷ್ಟೇ ಮುಂದಕ್ಕೆ ತಿರುಗಿಸ್ಕೋಬೇಕಾಯ್ತು. ಆ ಆಗಸ್ಟ್ 15ಕ್ಕೆ, ಜಪಾನ್ ಆಳ್ವಿಕೆಯಿಂದ ಬಿಡುಗಡೆಯಾಗಿ 70 ವರ್ಷ ಆದ ದಿನ, ಜಪಾನಿನವರು ಹೇರಿದ್ದ ಟೈಮ್ ನಮಗೆ ಬೇಡ ಅಂತ ಇಡೀ ದೇಶದ ಗಡಿಯಾರ ಅರ್ಧ ಗಂಟೆ ಹಿಂದೆ ಹೋಗಿತ್ತು. ನಮ್ಮನೆಗಿಂತ ಮೂರೂವರೆ ಗಂಟೆ ಮುಂದಿದ್ದ ಊರು ಸರಿಯಾಗಿ ಮೂರು ಗಂಟೆ ಮುಂದೆ ಬಂದು ನಿಂತಿತ್ತು, ನನಗೆ ಲೆಕ್ಕ ಸುಲಭ ಆಯ್ತು ಅಂತ ಖುಷಿ. ಆಗ ವರ್ಷವೂ ಬೇರೆ ಇತ್ತು. ದೇಶ ಕಟ್ಟಿದ ನಾಯಕ ಕಿಮ್ ಇಲ್ ಸುಂಗ್ ಹುಟ್ಟಿದ 1912ನೇ ಇಸವಿನೇ ಒಂದನೇ ವರ್ಷ, ಅಲ್ಲಿಂದ ಎಣಿಸ್ತಾ ಬಂದ್ರೆ 2015 ಅಂದ್ರೆ ಜೂಚೆ 104. ಬೋರ್ಡ್ ಮೇಲೆ ಎರಡನ್ನೂ ಬರೆಯೋರು. ಬೋರ್ಡಿನ ಮೇಲ್ಗಡೆ ಗೋಡೆಯಲ್ಲಿ ಕಿಮ್ ಇಲ್ ಸುಂಗ್, ಅವರ ಮಗ ಕಿಮ್ ಜೊಂಗ್ ಇಲ್, ಅಪ್ಪ ಮಗ ಇಬ್ಬರ ಫೋಟೋ. ಎಲ್ಲ ಕ್ಲಾಸಲ್ಲೂ, ಎಲ್ಲ ಮನೇಲೂ, ಮೆಟ್ರೋ ಬೋಗಿ ಒಳಗೂ. ಒಂದು ವಾರ ಕಣ್ಣಿಗೆ ಹೊಡೆಯುತ್ತೆ, ಆಮೇಲೆ ಕಾಣಿಸೋದೇ ನಿಂತೋಗುತ್ತೆ, ಆ ಕಾಣಿಸದೇ ಹೋಗೋದಕ್ಕೇ ನಾನು ಆಮೇಲೆ ಜಾಸ್ತಿ ಹೆದರಿಕೊಂಡಿದ್ದು.

ಅಕ್ಟೋಬರ್ 10 ದೇಶ ಆಳೋ ಪಾರ್ಟಿಗೆ 70 ವರ್ಷ ತುಂಬೋ ದಿನ. ಅದಕ್ಕೆ ವಾರಗಟ್ಟಲೆ ಮುಂಚೆಯಿಂದ ಊರೆಲ್ಲ ರಿಹರ್ಸಲ್. ಹುಡುಗರು ಮಧ್ಯಾಹ್ನದ ಮೇಲೆ ಮಾಯ ಆಗೋರು, ಬೆಳಗ್ಗೆ ಕ್ಲಾಸಿಗೆ ಬಂದು ಬೆನ್ನು ನೆಟ್ಟಗೆ ಇಟ್ಕೊಂಡೇ ನಿದ್ದೆ ಹೊಡೆಯೋರು. ಎಲ್ಲಿ ಹೋಗಿದ್ರಿ ಅಂದ್ರೆ ವಿ ಹ್ಯಾಡ್ ಸಮ್ ವರ್ಕ್ ಅನ್ನೋರು. ಕಿಮ್ ಇಲ್ ಸುಂಗ್ ಚೌಕದಲ್ಲಿ ಆ ದಿನ ಮಿಲಿಟರಿ ಪರೇಡ್, ಸಂಜೆ ಹುಡುಗ ಹುಡುಗಿಯರ ಪಂಜಿನ ಮೆರವಣಿಗೆ, ಸಾವಿರಾರು ಪಂಜುಗಳು ಸೇರಿ ಅಕ್ಷರ ಆಗೋದು, ಅಕ್ಷರ ಹೋಗಿ ಬಾವುಟ ಆಗೋದು. ಟೀವಿಯಲ್ಲಿ ನೋಡ್ತಾ ನನಗೆ ತಲೇಲಿ ಓಡ್ತಿದ್ದಿದ್ದು ಒಂದೇ, ಆ ಅಕ್ಷರದ ಯಾವುದೋ ಒಂದು ಮೂಲೇಲಿ ನನ್ನ ಕ್ಲಾಸಿನ ಮೂರನೇ ಬೆಂಚಿನವನು ನಿಂತಿರ್ತಾನೆ, ಅವನಿಗೆ ತಾನು ಯಾವ ಅಕ್ಷರದಲ್ಲಿದೀನಿ ಅಂತ ಕಾಣಿಸ್ತಿರುತ್ತಾ? ಮಾರನೇ ವಾರ ಚೆನ್ನಾಗಿತ್ತು ಕಣ್ರೋ ಅಂದೆ. ಎಲ್ಲರ ಮುಖ ಅರಳ್ತು. ನಿಜವಾದ ಖುಷಿ ಅದು, ನಾಟಕ ಅಲ್ಲ. ಹೊರಗಿನೋರು ಇದನ್ನ ನಂಬಲ್ಲ. ಕಷ್ಟಪಟ್ಟು ಮಾಡಿದ್ದನ್ನ ಹೊರಗಿನವರೊಬ್ರು ಹೊಗಳಿದ್ರೆ ಇಪ್ಪತ್ತು ವರ್ಷದ ಹುಡುಗನಿಗೆ ಖುಷಿ ಆಗದೇ ಇರುತ್ತಾ?

ಭಾಷೆ ವಿಷಯಕ್ಕೆ ಬರ್ತೀನಿ. ಅಲ್ಲಿ ಬೇರೆ ಬೇರೆ ದೇಶದ ಟೀಚರ್‌ಗಳು ಇದ್ದೆವು, ಬಹುಪಾಲು ಪಶ್ಚಿಮದ ಕಡೆಯವರು. ಅವರಿಗೆಲ್ಲ ಕೊರಿಯನ್ ಕಬ್ಬಿಣದ ಕಡಲೆ, ಕ್ರಿಯಾಪದ ಕೊನೇಲಿ ಬರುತ್ತೆ, ಪ್ರತ್ಯಯದ ಮೇಲೆ ಪ್ರತ್ಯಯ ಅಂಟ್ಕೊಳ್ಳುತ್ತೆ, ದೊಡ್ಡೋರಿಗೆ ಒಂಥರಾ ಮಾತು ಚಿಕ್ಕೋರಿಗೆ ಒಂಥರಾ, ಅಯ್ಯೋ ಅಂತ ತಲೆ ಹಿಡ್ಕೊಳ್ಳೋರು. ನನಗೆ ಇದೆಲ್ಲ ಹುಟ್ಟಿದಾಗ್ಲಿಂದ ಬಂದಿರೋದೇ ಅಲ್ವಾ. ಕೊರಿಯನ್‌ನಲ್ಲಿ ಮಳೆಗೆ ಪಿ, ಬರೋದಕ್ಕೆ ಒ, ರೆ ಅನ್ನೋ ಜಾಗಕ್ಕೆ ಮ್ಯೊನ್. ಪಿಗಾ ಒಮ್ಯೊನ್, ಮಳೆ ಬಂದ್ರೆ. ಇಂಗ್ಲಿಷ್‌ನಲ್ಲಿ ಇಫ್ ಮುಂದೆ ಬಂದು ಬಾಗಿಲಲ್ಲೇ ನಿಂತ್ಕೊಂಡು ಎಚ್ಚರಿಕೆ ಕೊಡುತ್ತೆ, ಈಗ ಬರೋದು ಊಹೆ ಕಣಪ್ಪಾ ಅಂತ. ನಮ್ಮಲ್ಲೂ ಅವರಲ್ಲೂ ಅದು ಬಾಲದಲ್ಲಿರುತ್ತೆ, ಕ್ರಿಯಾಪದ ಪೂರ್ತಿ ಹೇಳಿ ಮುಗಿಸೋ ಕೊನೇ ಕ್ಷಣದಲ್ಲಿ ಗೊತ್ತಾಗೋದು, ಓ ಇದು ಊಹೆ ಅಂತ. ಇದನ್ನ ತೋರ್ಸೋಣ ಅಂತ ಒಂದಿನ ಬೋರ್ಡ್ ಮೇಲೆ ಕನ್ನಡದಲ್ಲಿ ಮಳೆ ಬಂದ್ರೆ ಅಂತ ಬರೆದು ಕೆಳಗೆ ಅವರ ವಾಕ್ಯ ಬರೆದು ಗೆರೆ ಎಳೆದು ಜೋಡಿಸ್ದೆ. ಕ್ಲಾಸಿಗೆ ಕ್ಲಾಸೇ ಓ ಅಂತು. ಆಮೇಲೆ ಅಮ್ಮ ಅಪ್ಪ ಹೇಳ್ದೆ, ಅವರಲ್ಲಿ ಒಮ್ಮ ಅಪ್ಪ ಅಂತಾರೆ, ಇನ್ನು ಆ ಗಲಾಟೆ ಕೇಳ್ಬೇಡಿ. ಎರಡು ಭಾಷೆಗೂ ನಂಟಿದೆ ಅನ್ನೋದನ್ನ ಭಾಷಾಶಾಸ್ತ್ರದವರು ಒಪ್ಪಲ್ಲ, ಬರೀ ಹೋಲಿಕೆ ಅಂತಾರೆ. ಹುಡುಗರಿಗೆ ಶಾಸ್ತ್ರ ಯಾರಿಗೆ ಬೇಕಿತ್ತು, ಮಾರನೇ ದಿನ ಕಾರಿಡಾರ್‌ನಲ್ಲಿ ಎದುರಾದಾಗ ತಲೆ ಬಗ್ಗಿಸಿ ಸೊನ್‌ಸೆಂಗ್‌ನಿಮ್, ಅಂದ್ರೆ ಟೀಚರ್, ಅನ್ನೋ ಬದಲು ಒಬ್ಬ ಮೆಲ್ಲಗೆ ಮಳೆ ಬಂದ್ರೆ ಅಂದು ನಕ್ಕು ಓಡಿದ. ಅದೇ ನನ್ನ ಅಡ್ಡಹೆಸರಾಯ್ತು ಅಂತ ಕಾಣುತ್ತೆ.

ಅದೇ ದಿನ ಸಂಜೆ ನನ್ನ ಲೆಸನ್ ಪ್ಲಾನ್ ನೋಡೋ ಸರ್ ರೂಮಿಗೆ ಬಂದ್ರು. ಬೋರ್ಡ್ ಮೇಲೆ ಬೇರೆ ಲಿಪಿ ಏನೋ ಇತ್ತಂತಲ್ಲ. ಹೌದು ಸರ್ ಅಂತ ಎಲ್ಲ ವಿವರಿಸ್ದೆ. ಅವರೂ ಆಸಕ್ತಿಯಿಂದ ಕೇಳಿ, ಮಳೆ ಬಂದ್ರೆ ಅಂತ ಎರಡು ಸಲ ಹೇಳಿ ನೋಡಿ, ಆಮೇಲೆ ಒಂದು ಹಾಳೆ ಮುಂದಿಟ್ಟು, ಬೋರ್ಡ್ ಮೇಲೆ ಏನು ಬರೆದ್ರಿ, ಅದರ ಅರ್ಥ ಏನು, ಬರೆದು ಸೈನ್ ಮಾಡಿ ಅಂದ್ರು. ಮಾಡಿದೆ. ಆ ಹಾಳೆ ಈಗಲೂ ಯಾವುದೋ ಫೈಲ್‌ನಲ್ಲಿ ಇರ್ಬೋದು, ಆ ಊರಿನ ಕಡತಗಳಲ್ಲಿ ಕನ್ನಡದ ಒಂದು ವಾಕ್ಯ.

ಒಂದು ಜಗಳ ನೆನಪಾಗುತ್ತೆ. ನಮ್ಮ ಜೊತೆಗಿದ್ದ ಒಬ್ಬ ಟೀಚರ್ ಊಟಕ್ಕೆ ಕೂತಾಗ ಹೇಳ್ತಿದ್ರು, ಈ ಹುಡುಗರಿಗೆ ನಾನು ಅನ್ನೋದೇ ಇಲ್ಲ ನೋಡು, ಎಲ್ಲದಕ್ಕೂ ಇಂಗ್ಲಿಷ್‌ನ ಅವರ್, ಅಂದ್ರೆ ನಮ್ಮ, ಅವರ್ ಮದರ್, ಅವರ್ ಹೌಸ್, ಎಷ್ಟು ಬ್ರೈನ್‌ವಾಶ್ ಮಾಡಿರ್ಬೇಕು ಅಂತ. ನನಗೆ ತಡೆಯೋಕಾಗ್ಲಿಲ್ಲ. ಕೊರಿಯನ್‌ನಲ್ಲಿ ಉರಿ ಅಂದ್ರೆ ನಮ್ಮ (ನಮಗೆ ಉರಿ ಅಂದ್ರೆ ಬೇರೆನೇ ಬಿಡಿ), ಉರಿ ಮನೆ ಉರಿ ಅಮ್ಮ ಅಂತ ದಕ್ಷಿಣದವರೂ ಅಂತಾರೆ, ಅಲ್ಲಿನ ರಾಜಧಾನಿ ಸೋಲ್‌ನಲ್ಲಿ ಕಾಫಿ ಕುಡೀತಾ ಕೂತಿರೋ ಹುಡುಗಿನೂ ಅಂತಾಳೆ. ನಾನೂ ಅಂತೀನಿ, ನಮ್ಮಮ್ಮ, ನಮ್ಮನೆ. ಒಬ್ಬನೇ ಮಗ ಆದ್ರೂ ನಮ್ಮಮ್ಮನೇ. ನಮ್ಮಮ್ಮ ಅನ್ನೋನು ಯಾವ ಪಾರ್ಟಿಗೂ ಸೇರಿರ್ಬೇಕಾಗಿಲ್ಲ. ಅವರು ಒಪ್ಪಿದ್ರೋ ಇಲ್ವೋ. ಹೊರಗಿಂದ ಬಂದವರು ಏನೇ ಕಂಡ್ರೂ ಅದನ್ನ ಸರ್ಕಾರದ ಕೈವಾಡ ಅಂತ ಓದ್ತಾರೆ, ಮಾಮೂಲಿ ವ್ಯಾಕರಣವನ್ನೂ, ಚಳಿಗೆ ಕೆಂಪಾದ ಕೆನ್ನೆಯನ್ನೂ. ಹಾಗಂತ ಸರ್ಕಾರ ಕೈ ಹಾಕಿಲ್ಲ ಅಂತಾನೂ ಅಲ್ಲ. ಕಿಮ್ ಇಲ್ ಸುಂಗ್‌ಗೆ ಅವರು ಒಬೊಇ ಸುರ್ಯೊಂಗ್ ಅಂತಾರೆ, ಒಬೊಇ ಅಂದ್ರೆ ತಂದೆತಾಯಿ, ಎರಡೂ ಸೇರಿ. ಪುಸ್ತಕದಲ್ಲಿ ಪೇಪರ್‌ನಲ್ಲಿ ಎಲ್ಲೇ ಅಪ್ಪ, ಮಗ, ಮೊಮ್ಮಗ ಕಿಮ್ ಜೊಂಗ್ ಉನ್, ಈ ಮೂವರ ಹೆಸರು ಬಂದ್ರೂ ಅದಷ್ಟೇ ದಪ್ಪಕ್ಷರದಲ್ಲಿ ಇರುತ್ತೆ. ಮನೆ ಮಾತಿನ ನಮ್ಮ ಅನ್ನೋದನ್ನ ತಗೊಂಡು ಅದರ ಮೇಲೆ ಇನ್ನೊಂದು ದೊಡ್ಡ ನಮ್ಮ ಕಟ್ಟಿದ್ದಾರೆ. ಎಲ್ಲಿ ಮನೆಯದ್ದು ಮುಗಿದು ಸರ್ಕಾರದ್ದು ಶುರುವಾಗುತ್ತೆ ಅಂತ ಹುಡುಗರಿಗೇ ಗೊತ್ತಿತ್ತೋ ಇಲ್ವೋ, ಊಟದ ಟೇಬಲ್‌ನಲ್ಲಿ ಕೂತು ನಾವು ಹೇಳೋದು ಹೆಂಗೆ.

ಇನ್ನೊಂದು ಮಾತು ಅಲ್ಲಿ ದಿನಕ್ಕೆ ಐವತ್ತು ಸಲ ಕೇಳ್ತಿದ್ದೆ, ಇಲ್ ಒಪ್ಸುಮ್ನಿದ. ಪರ್ವಾಗಿಲ್ಲ, ಇರ್ಲಿ ಬಿಡಿ ಅಂತ ಅರ್ಥ. ದಕ್ಷಿಣದವರಿಗೆ ಇದೇ ಮಾತು, ನಿನಗ್ಯಾಕೆ ಅದು ಅಂದ ಹಾಗೆ ಒರಟಾಗಿ ಕೇಳುತ್ತಂತೆ. ನನಗೆ ಹೋಗ್ತಾ ಹೋಗ್ತಾ ಎರಡೂ ಅರ್ಥ ಒಟ್ಟಿಗೇ ಕೇಳಿಸೋಕೆ ಶುರುವಾಯ್ತು. ಸುಸ್ತಾಗಿದ್ಯಾ? ಇಲ್ ಒಪ್ಸುಮ್ನಿದ. ಕೈಗೆ ಏನಾಯ್ತು? ಇಲ್ ಒಪ್ಸುಮ್ನಿದ. ಪಕ್ಕದ ಸೀಟಿನವನು ಎರಡು ವಾರದಿಂದ ಬಂದಿಲ್ವಲ್ಲ? ಅದಕ್ಕೂ ಅದೇ.

ದುಡ್ಡಿನ ಕಥೆನೂ ಇಂಥದ್ದೇ. ಆಗ ಹೊರಗಿನೋರು ಯೂರೋ, ಯುವಾನ್, ಡಾಲರ್‌ನಲ್ಲಿ ಕೊಡ್ಬೇಕಿತ್ತು, ಅಧಿಕೃತ ರೇಟ್‌ನಲ್ಲಿ ಡಾಲರ್‌ಗೆ ನೂರು ಚಿಲ್ಲರೆ ವೊನ್ ಇತ್ತು. ಕ್ವಾಂಗ್‌ಬೊಕ್ ಬೀದಿಯ ದೊಡ್ಡ ಅಂಗಡಿ ಒಳಗೆ ಹೋದ್ರೆ ಅಲ್ಲಿನ ಎಕ್ಸ್‌ಚೇಂಜ್ ಕೌಂಟರ್‌ನಲ್ಲಿ ಅದೇ ಡಾಲರ್‌ಗೆ ಸುಮಾರು 8000 ವೊನ್ ಸಿಗ್ತಿತ್ತು. ಎರಡೂ ಸರ್ಕಾರದ ಬೋರ್ಡೇ, ಒಂದೇ ಊರು. ಯಾರೂ ಯಾವತ್ತೂ ಇದು ಹೇಗೆ ಅಂತ ಕೇಳಿದ್ದು ನಾನು ನೋಡಿಲ್ಲ, ಯಾವ ರೇಟ್ ಎಲ್ಲಿ ಹೇಳ್ಬೇಕು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಹುಡುಗರ ಮಾತಿಗೂ ಹೀಗೇ ಎರಡು ರೇಟ್ ಇತ್ತು ಅಂತ ಇಟ್ಕೊಳ್ಳಿ, ಅದನ್ನ ಸುಳ್ಳು ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಸರಿ, ಆ ಕಂಡೀಷನಲ್ ಪಾಠ. ನವೆಂಬರ್ ಮಧ್ಯ. ಕಿಮ್ಚಿ ಹಾಕೋ ಸೀಸನ್, ಊರ ತುಂಬಾ ಲಾರಿಗಟ್ಟಲೆ ಎಲೆಕೋಸು. ಏಳನೇ ವಾಕ್ಯ ಬಿಟ್ಟು ಒಂಬತ್ತು ಉದಾಹರಣೆ ಹೇಳಿ, ಈಗ ನೀವು ಐದೈದು ಬರೀರಿ ಅಂದೆ. ನನಗೆ ಭಯ ಇತ್ತು, ಇದು ಕಷ್ಟದ ವ್ಯಾಕರಣ, ಎಲ್ಲಿ ಹೋದ್ರೂ ಹುಡುಗರು ಇಲ್ಲಿ ಎಡವ್ತಾರೆ. ಇವರು ಎಡವ್ಲಿಲ್ಲ. ಹತ್ತು ನಿಮಿಷದಲ್ಲಿ ಇಪ್ಪತ್ತಕ್ಕೂ ಜಾಸ್ತಿ ನೋಟ್‌ಬುಕ್ ನನ್ನ ಟೇಬಲ್ ಮೇಲೆ. ಒಂದೊಂದೇ ಓದ್ತಾ ಬಂದೆ. ನಾನು ಇನ್ನೂ ಚೆನ್ನಾಗಿ ಓದಿದ್ದಿದ್ರೆ ಒಳ್ಳೆ ಮಾರ್ಕ್ಸ್ ಬರ್ತಿತ್ತು. ನಾನು ಬೇಗ ಎದ್ದಿದ್ದಿದ್ರೆ ರೂಮ್ ಕ್ಲೀನ್ ಮಾಡಿರ್ತಿದ್ದೆ. ನಾನು ಸರಿಯಾಗಿ ಪ್ರಾಕ್ಟೀಸ್ ಮಾಡಿದ್ದಿದ್ರೆ ನಮ್ಮ ಟೀಮ್ ಸೋಲ್ತಿರ್ಲಿಲ್ಲ. ನಾನು ಗಮನ ಕೊಟ್ಟಿದ್ದಿದ್ರೆ ಗೆಳೆಯನಿಗೆ ತೊಂದ್ರೆ ಆಗ್ತಿರ್ಲಿಲ್ಲ. ನೂರಕ್ಕೂ ಮೇಲೆ ವಾಕ್ಯ, ಎಲ್ಲ ನಾನು ಅಂತಲೇ ಶುರು, ಎಲ್ಲದ್ರಲ್ಲೂ ತಪ್ಪು ಬರೆದವನದ್ದೇ. ಊಟದ ಟೇಬಲ್‌ನಲ್ಲಿ ಇವರಿಗೆ ನಾನು ಅನ್ನೋದೇ ಇಲ್ಲ ಅಂದಿದ್ರಲ್ಲ ಅವರಿಗೆ ತೋರಿಸ್ಬೇಕು ಅನ್ನಿಸ್ತು, ಇಲ್ಲಿ ನೋಡಿ ಸ್ವಾಮಿ, ಇಲ್ಲಿದೆ ಇವರ ನಾನು. ಒಬ್ಬನಾದ್ರೂ ಬಸ್ ಲೇಟ್ ಆಗದೇ ಇದ್ದಿದ್ರೆ ಅಂತ ಬರೀಲಿಲ್ಲ. ಮಳೆಯ ಮೇಲೆ ಕೂಡ ಯಾರೂ ತಪ್ಪು ಹೊರಿಸಿರ್ಲಿಲ್ಲ.

ಇದು ಯಾಕೆ ಅಂತ ನನಗೆ ಅರ್ಥ ಆಗಿದ್ದು ಅಲ್ಲಿಂದ ಹೊರಗೆ ಬಂದು, ತಪ್ಪಿಸಿಕೊಂಡು ಬಂದವರು ಹೇಳಿರೋದನ್ನೆಲ್ಲ ಓದಿದ ಮೇಲೆ. ಸೆಂಗ್‌ಹ್ವಲ್ ಛೊಂಗ್‌ಹ್ವ ಅಂತ ಒಂದು ಸಭೆ, ಜೀವನದ ಲೆಕ್ಕ ಒಪ್ಪಿಸೋದು ಅನ್ನಿ, ಸಾಮಾನ್ಯವಾಗಿ ವಾರಕ್ಕೊಂದು ಸಲ, ಸ್ಕೂಲ್ ಮಕ್ಕಳಿಂದ ಹಿಡಿದು ಎಲ್ಲರಿಗೂ. ಎದ್ದು ನಿಂತು ಮೊದಲು ನಾಯಕರ ಒಂದು ಮಾತು ಹೇಳ್ಬೇಕು, ಆ ಮಾತಿಗೆ ಹೋಲಿಸಿದ್ರೆ ಈ ವಾರ ನಾನು ಎಲ್ಲಿ ತಪ್ಪಿದೆ ಅಂತ ಹೇಳ್ಬೇಕು, ಮುಂದೆ ಹೀಗೆ ಮಾಡಲ್ಲ ಅನ್ಬೇಕು, ಆಮೇಲೆ ಗುಂಪಿನಲ್ಲಿರೋ ಇನ್ನೊಬ್ಬನ ತಪ್ಪೂ ಎತ್ತಿ ಹೇಳ್ಬೇಕು. ಗೆಳೆಯರು ಮೊದ್ಲೇ ಮಾತಾಡ್ಕೊಂಡಿರ್ತಾರಂತೆ, ಈ ವಾರ ನೀನು ನನ್ನ ಮೇಲೆ ಹೇಳು, ಮುಂದಿನ ವಾರ ನಾನು ನಿನ್ನ ಮೇಲೆ, ಸಣ್ಣದೇನಾದ್ರೂ ಹುಡುಕು ಅಂತ. ಚಿಕ್ಕಂದಿನಿಂದ ವಾರ ವಾರ ಇದನ್ನೇ ಮಾಡ್ಕೊಂಡು ಬಂದವರಿಗೆ ನಾನು ಹೋಗಿ, ಆಗಿಹೋಗಿದ್ದನ್ನ ನೆನೆಸ್ಕೊಂಡು ಹೀಗಿದ್ದಿದ್ರೆ ಅನ್ನೋ ವಾಕ್ಯ ಮಾಡಿ ಅಂದ್ರೆ ಇನ್ಯಾವ ವಾಕ್ಯ ಬರುತ್ತೆ? ಅವರಿಗೆ ಇಂಗ್ಲಿಷ್ ಅಷ್ಟೇ ಹೊಸದು, ಆ ವ್ಯಾಕರಣ ಹಳೇದು.

ಒಂದು ನೋಟ್‌ಬುಕ್ ಬೇರೆ ಥರ ಇತ್ತು.

ಮೊದಲ ನಾಲ್ಕು ವಾಕ್ಯ ಎಲ್ಲರದ್ದೂ ಇದ್ದ ಹಾಗೇ. ಐದನೇದು ಹೀಗಿತ್ತು, ಇಂಗ್ಲಿಷ್‌ನಲ್ಲಿ, ಒಂದು ಸ್ಪೆಲಿಂಗ್ ಮಿಸ್ಟೇಕೂ ಇಲ್ಲದೆ: ಅಜ್ಜಿ ಇನ್ನೆರಡು ವರ್ಷ ಬದುಕಿದ್ದಿದ್ರೆ ನನಗೆ ಅವರ ಮುಖ ನೆನಪಿರ್ತಿತ್ತು.

ಹುಡುಗನಿಗೆ ಆಗ ಇಪ್ಪತ್ತು, ಅಂದ್ರೆ 1995ರಲ್ಲಿ ಹುಟ್ಟಿದವನು. ಇನ್ನೆರಡು ವರ್ಷ ಇದ್ದಿದ್ರೆ ಮುಖ ನೆನಪಿರೋದು ಅಂದ್ರೆ, ಅಜ್ಜಿ ಹೋದಾಗ ಇವನಿಗೆ ಎರಡೋ ಎರಡೂವರೆಯೋ. 1997, 98. ಆ ವರ್ಷಗಳಿಗೆ ಅವರ ಕಡೆ ಕೊನನೆ ಹೆಂಗುನ್ ಅಂತ ಹೆಸರು, ಕಷ್ಟದ ನಡಿಗೆ. ಸೋವಿಯತ್ ಒಕ್ಕೂಟ ಬಿದ್ದು ಅಲ್ಲಿಂದ ಬರ್ತಿದ್ದ ಎಣ್ಣೆ ಗೊಬ್ಬರ ನಿಂತಿದ್ದು, 1995ರ ಪ್ರವಾಹ, ರೇಷನ್ ನಿಂತೋಗಿದ್ದು, ಎಲ್ಲ ಸೇರಿ ಬಂದ ಬರ. ಸತ್ತವರ ಲೆಕ್ಕ ಕೆಲವು ಲಕ್ಷದಿಂದ 20 ಲಕ್ಷದ ಮೇಲೆವರೆಗೂ ಒಬ್ಬೊಬ್ಬರದ್ದು ಒಂದೊಂದು. ಇಷ್ಟೂ ನನ್ನ ತಲೇಲಿ ಮೂರು ಸೆಕೆಂಡ್‌ನಲ್ಲಿ ಓಡಿಹೋಯ್ತು. ಹಾಗಂತ ಅಜ್ಜಿ ಬರದಲ್ಲೇ ಹೋದ್ರು ಅಂತ ನಾನು ಹೇಳೋ ಹಾಗಿಲ್ಲ. ರಾಜಧಾನಿಯಲ್ಲಿ ಓದೋಕೆ ಅವಕಾಶ ಸಿಗೋ ಕುಟುಂಬದ ಹುಡುಗ, ವಂಶದ ಹಿನ್ನೆಲೆ ನೋಡಿ ಜಾಗ ಕೊಡೋ ಸೊಂಗ್‌ಬುನ್ ಪದ್ಧತಿಯಲ್ಲಿ ಮೇಲಿನ ಮೆಟ್ಟಿಲಿನವನೇ ಇರ್ಬೇಕು. ಅಜ್ಜಿಗೆ ವಯಸ್ಸಾಗಿರ್ಬೋದು, ಕಾಯಿಲೆ ಇದ್ದಿರ್ಬೋದು. ಅಜ್ಜಿಯರು ಎಲ್ಲ ದೇಶದಲ್ಲೂ ಸಾಯ್ತಾರೆ.

ಕೇಳ್ಬೋದಿತ್ತು. ಬೇರೆ ಎಲ್ಲೇ ಆಗಿದ್ರೂ ಟೀಚರ್ ಆದವರು ಕೇಳೋದೇ ಅದನ್ನ, ಹೌದಾ, ಅಜ್ಜಿ ಬಗ್ಗೆ ಹೇಳು ಅಂತ. ಅವನು ಎದುರಿಗೇ ನಿಂತಿದ್ದ. ಹಿಂದಿನ ಬೆಂಚಲ್ಲಿ ಕ್ಲಾಸ್ ಲೀಡರ್ ನಮ್ಮ ಕಡೆನೇ ನೋಡ್ತಿದ್ದ, ಸುಮ್ನೆ ನೋಡ್ತಿದ್ನೋ ಕೆಲಸಕ್ಕೆ ನೋಡ್ತಿದ್ನೋ ಗೊತ್ತಾಗೋದಿಲ್ಲ, ಅದು ಗೊತ್ತಾಗದೇ ಇರೋದೇ ಅಲ್ಲಿನ ವ್ಯವಸ್ಥೆ. ನಾನು ವೆರಿ ಗುಡ್ ಅಂದೆ. ಐದಕ್ಕೂ ರೈಟ್ ಮಾರ್ಕ್ ಹಾಕಿ ನೋಟ್‌ಬುಕ್ ಮುಚ್ಚಿ ಕೊಟ್ಟೆ. ನೆಕ್ಸ್ಟ್ ಅಂದೆ.

ಎರಡು ದಿನ ಬಿಟ್ಟು ಹೋಮ್‌ವರ್ಕ್ ನೋಡೋಕೆ ಅದೇ ನೋಟ್‌ಬುಕ್ ಕೈಗೆ ಬಂತು. ಆ ಪುಟ ಇರ್ಲಿಲ್ಲ, ಹರಿದಿದ್ದರ ಗುರುತೂ ಇಲ್ಲ, ಹೊಲಿಗೆ ಬಿಚ್ಚಿ ಹಾಳೆ ತೆಗೆದು ಮತ್ತೆ ಹೊಲಿದಿದ್ದ. ಹೊಸ ಪುಟದಲ್ಲಿ ಅದೇ ಮೊದಲ ನಾಲ್ಕು ವಾಕ್ಯ, ಐದನೇದು ನಾನು ಇನ್ನೂ ಚೆನ್ನಾಗಿ ಓದಿದ್ದಿದ್ರೆ. ಅವನಿಗೇ ಅನ್ನಿಸಿ ಮಾಡಿದ್ನೋ, ಯಾರಾದ್ರೂ ಹೇಳಿದ್ರೋ, ಇಲ್ಲಾ ನನ್ನ ಮುಖ ನೋಡಿ, ನಾನು ಆ ಮೂರು ಸೆಕೆಂಡ್ ಸುಮ್ನಾಗಿದ್ದನ್ನ ನೋಡಿ, ಏನೋ ಎಡವಟ್ಟಾಯ್ತು ಅಂದ್ಕೊಂಡ್ನೋ. ನನ್ನನ್ನ ಇವತ್ತಿಗೂ ಕಾಡೋದು ಮೂರನೇದು. ಹೊಸ ಪುಟಕ್ಕೂ ರೈಟ್ ಮಾರ್ಕ್ ಹಾಕಿದೆ, ಐದಕ್ಕೂ, ಮೊದಲಿನ ಹಾಗೇ ಕಾಣೋ ಥರ.

ಡಿಸೆಂಬರ್ ಕೊನೇಲಿ ರಜೆಗೆ ಹೊರಗೆ ಬಂದೆ. ಬೀಜಿಂಗ್ ಏರ್‌ಪೋರ್ಟ್‌ನಲ್ಲಿ ಫೋನ್ ಮಾಡಿದಾಗ ಅಮ್ಮ ಮೊದಲು ಕೇಳಿದ್ದು, ಯಾಕೆ ಹಿಂಗೆ ಪಿಸುಪಿಸು ಅಂತ ಮಾತಾಡ್ತಿದ್ಯಾ ಅಂತ. ನನಗೆ ಗೊತ್ತೇ ಆಗಿರ್ಲಿಲ್ಲ. ಅಲ್ಲಿಂದ ಬರೀತಿದ್ದ ಮೇಲ್‌ಗಳನ್ನ ಆಮೇಲೆ ತೆಗೆದು ಓದಿದ್ರೆ, ಹವಾಮಾನ ಚೆನ್ನಾಗಿದೆ, ಊಟ ಚೆನ್ನಾಗಿದೆ, ಹುಡುಗರು ಚೆನ್ನಾಗಿ ಓದ್ತಾರೆ. ನಾಲ್ಕು ತಿಂಗಳು ಅದೇ ಮೇಲ್. ನನಗೆ ಯಾರೂ ಹೀಗೇ ಬರಿ ಅಂತ ಹೇಳಿರ್ಲಿಲ್ಲ, ಓದ್ತಿರ್ಬೋದು ಅನ್ನೋ ಒಂದು ಅನುಮಾನ ಅಷ್ಟೆ, ಅಷ್ಟೇ ಸಾಕಾಗಿತ್ತು. ವಾಕ್ಯ ಬಾಯಿಗೆ ಬರೋಕೆ ಮುಂಚೆನೇ ಒಳಗೊಬ್ಬ ಪೆನ್ಸಿಲ್ ಹಿಡ್ಕೊಂಡು ಕೂತಿರ್ತಿದ್ದ. ನಾಲ್ಕು ತಿಂಗಳಿಗೆ ನಾನು ಹಿಂಗಾದ್ರೆ ಇಪ್ಪತ್ತು ವರ್ಷಕ್ಕೆ ಅವರು ಎಷ್ಟು ಚೆನ್ನಾಗಿದಾರಲ್ಲ ಅಂತ ಅನ್ನಿಸ್ತು, ನಿಜ ಹೇಳ್ತೀನಿ, ಕನಿಕರಕ್ಕಿಂತ ಜಾಸ್ತಿ ಆಶ್ಚರ್ಯ.

ಜನವರಿ 6ಕ್ಕೆ ನಾಲ್ಕನೇ ಅಣ್ವಸ್ತ್ರ ಪರೀಕ್ಷೆ. ಹೈಡ್ರೋಜನ್ ಬಾಂಬ್ ಅಂತ ಘೋಷಿಸಿದ್ರು. ನಾನು ಮನೇಲಿ ಕೂತು ಟೀವಿಯಲ್ಲಿ ಆ ಊರನ್ನ ನೋಡ್ತಿದ್ದೆ. ಸ್ಟೇಷನ್ ಮುಂದಿನ ದೊಡ್ಡ ಸ್ಕ್ರೀನ್, ಕೆಳಗೆ ಚಪ್ಪಾಳೆ ಹೊಡೀತಿದ್ದ ಜನ. ನಾನು ನಡೆದಾಡಿದ ಬೀದಿ ಬಗ್ಗೆ ನನಗೆ ಅಲ್ಲಿದ್ದಾಗ ಗೊತ್ತಿದ್ದಿದ್ದಕ್ಕಿಂತ ಇಲ್ಲಿ ಕೂತಾಗ ಹತ್ತು ಪಟ್ಟು ಗೊತ್ತಾಗ್ತಿತ್ತು. ಸ್ನೇಹಿತರು ಕೇಳಿದ್ರು, ಇನ್ನೂ ವಾಪಸ್ ಹೋಗ್ತೀಯಾ, ಅವರಿಗೆ ಇಂಗ್ಲಿಷ್ ಕಲ್ಸಿ ಯಾರಿಗೆ ಉಪಕಾರ ಅಂತ.

ಈ ಪ್ರಶ್ನೆಗೆ ನನ್ನ ಹತ್ರ ಒಳ್ಳೆ ಉತ್ತರ ಇಲ್ಲ. ಅಲ್ಲಿ ಓದೋರು ಮೇಲಿನವರ ಮಕ್ಕಳು, ನಾಳೆ ಆ ವ್ಯವಸ್ಥೆಯನ್ನೇ ನಡೆಸೋರು. ನಾವು ಕಲಿಸೋ ಇಂಗ್ಲಿಷ್ ವ್ಯಾಪಾರಕ್ಕೂ ಆಗುತ್ತೆ, ಬೇರೆ ಕೆಲಸಕ್ಕೂ ಆಗುತ್ತೆ. ಈ ಪ್ರಶ್ನೆ ಹೊಸದೂ ಅಲ್ಲ. 1965ರಲ್ಲಿ ಗಡಿ ದಾಟಿ ಹೋಗಿ ಸಿಕ್ಕಿಹಾಕ್ಕೊಂಡ ಅಮೆರಿಕದ ಸಾರ್ಜೆಂಟ್ ಚಾರ್ಲ್ಸ್ ಜೆಂಕಿನ್ಸ್ ಕೈಲಿ ಮಿಲಿಟರಿ ಹುಡುಗರಿಗೆ ಇಂಗ್ಲಿಷ್ ಪಾಠ ಹೇಳಿಸಿದ್ರು, ಅವನು ಹೊರಗೆ ಬರೋಕೆ 2004 ಆಯ್ತು. ಆಮೇಲಾಮೇಲೆ ಬ್ರಿಟಿಷ್ ಕೌನ್ಸಿಲ್‌ನವರು ಒಪ್ಪಂದ ಮಾಡ್ಕೊಂಡು ಟೀಚರ್‌ಗಳನ್ನ ಕಳಿಸಿದ್ರು. ಯಾರ ಇಂಗ್ಲಿಷ್ ಯಾರಿಗೆ ಉಪಯೋಗ ಆಯ್ತು ಅಂತ ಲೆಕ್ಕ ಇಟ್ಟವರಿಲ್ಲ. ನಮ್ಮ ಜೊತೆಗಿದ್ದವರಲ್ಲಿ ಕೆಲವರು ನಾವು ಸ್ವಾತಂತ್ರ್ಯದ ಬೀಜ ಬಿತ್ತುತಿದೀವಿ ಅಂತಿದ್ರು. ನನಗೆ ಆ ಮಾತು ಕೇಳಿದ್ರೆ ಮೈಯೆಲ್ಲ ಮುಜುಗರ. ಅವರೇನು ಖಾಲಿ ಹೊಲಾನಾ? ನನಗಿಂತ ಚೆನ್ನಾಗಿ ಗಣಿತ ಬರ್ತಿತ್ತು ಅವರಿಗೆ, ತಮ್ಮ ದೇಶದ ಬಗ್ಗೆ ನಾನು ಓದಿ ತಿಳ್ಕೊಂಡಿದ್ದನ್ನ ಅವರು ಹೊಟ್ಟೆಯಲ್ಲಿಟ್ಕೊಂಡಿದ್ರು. ನಾನು ಹೋಗಿದ್ದು, ನಿಜ ಹೇಳ್ಬೇಕಂದ್ರೆ, ಕುತೂಹಲಕ್ಕೆ. ವಾಪಸ್ ಹೋಗಿದ್ದು ಆ ಹೊಲಿದ ನೋಟ್‌ಬುಕ್ ತಲೆಯಿಂದ ಹೋಗ್ಲಿಲ್ಲ ಅಂತ. ಎರಡೂ ದೊಡ್ಡ ಕಾರಣ ಅಲ್ಲ.

ಮಾರ್ಚ್‌ನಲ್ಲಿ ವಾಪಸ್ ಹೋಗೋ ಹೊತ್ತಿಗೆ ಇನ್ನೂ ಬಿಗಿ. ಮೇನಲ್ಲಿ ಪಾರ್ಟಿಯ 7ನೇ ಕಾಂಗ್ರೆಸ್, 1980ರ ಮೇಲೆ ನಡೆದೇ ಇರದಿದ್ದಿದ್ದು, ಅದಕ್ಕೆ 70 ದಿನದ ಅಭಿಯಾನ ಅಂತ ಊರಿಗೂರೇ ನಿದ್ದೆ ಬಿಟ್ಟು ಕೆಲಸ ಮಾಡ್ತಿತ್ತು. ಮಾರ್ಚ್ 16ಕ್ಕೆ, ಪೋಸ್ಟರ್ ಕದಿಯೋಕೆ ಹೋದ ಅಂತ ಹಿಡಿದಿದ್ದ ಅಮೆರಿಕದ ವಿದ್ಯಾರ್ಥಿ ಒಟ್ಟೊ ವಾರ್ಮ್‌ಬಿಯರ್‌ಗೆ 15 ವರ್ಷ ಕಠಿಣ ಶಿಕ್ಷೆ ಆಯ್ತು. ಅವನಿಗೆ ಇಪ್ಪತ್ತೊಂದು, ನನ್ನ ಕ್ಲಾಸಿನವರ ವಯಸ್ಸೇ. ಆ ವಾರ ಊಟದ ಟೇಬಲ್‌ನಲ್ಲಿ ಯಾರೂ ಮಾತಾಡ್ಲಿಲ್ಲ. ಏಪ್ರಿಲ್‌ನಲ್ಲಿ ಫೇಸ್‌ಬುಕ್ಕು ಯೂಟ್ಯೂಬು ಬ್ಲಾಕ್ ಅಂತ ಅಧಿಕೃತವಾಗಿ ಹೇಳಿದ್ರು, ಅಲ್ಲಿನವರಿಗೆ ಮೊದ್ಲೂ ಇರ್ಲಿಲ್ಲ, ಅವರದ್ದು ಒಳಗಿನದೇ ಕ್ವಾಂಗ್‌ಮ್ಯೊಂಗ್ ನೆಟ್‌ವರ್ಕ್, ಆ ಆರ್ಡರ್ ಮುಟ್ಟಿದ್ದು ನಮ್ಮಂಥವರಿಗೆ ಮಾತ್ರ. ಮೇ ಕೊನೇಲಿ ಭತ್ತದ ನಾಟಿಗೆ ಹುಡುಗರನ್ನ ಹಳ್ಳಿಗೆ ಕಳಿಸಿದ್ರು, ವಾಪಸ್ ಬಂದಾಗ ಕತ್ತು ಕಪ್ಪಗೆ ಸುಟ್ಟಿತ್ತು, ಸೊಂಟ ಹಿಡ್ಕೊಂಡು ಕೂರ್ತಿದ್ರು. ಸುಸ್ತಾ? ಇಲ್ ಒಪ್ಸುಮ್ನಿದ.

ಅಜ್ಜಿ ವಾಕ್ಯದ ಹುಡುಗ ಇದ್ದ, ಅದೇ ಬೆಂಚಲ್ಲಿ. ಅವನು ಕಾಣದೇ ಇದ್ದಿದ್ರೆ ಅಂತ ರಜೆ ಪೂರ್ತಿ ಎಷ್ಟು ಸಲ ಯೋಚನೆ ಮಾಡಿದ್ದೆ. ಅವನ ಜೊತೆ ಆ ವಿಷಯ ಮತ್ತೆ ಬರ್ಲಿಲ್ಲ. ಬರಲೂಬಾರದಿತ್ತು.

ಜೂನ್‌ನ ಕೊನೇ ಕ್ಲಾಸ್‌ನಲ್ಲಿ ವೆನ್ನು ಇಫ್ಪು ರಿವಿಷನ್ ಇಟ್ಟಿದ್ದೆ. ಖಂಡಿತ ಆಗುತ್ತೆ ಅಂತ ಗೊತ್ತಿದ್ರೆ ವೆನ್, ಆಗ್ಬೋದು ಆಗದೇ ಇರ್ಬೋದು ಅಂದ್ರೆ ಇಫ್. ವೆನ್ ದಿ ಸನ್ ರೈಸಸ್, ಇಫ್ ಇಟ್ ರೇನ್ಸ್. ಮುಗಿದ ಮೇಲೆ ಎಲ್ಲ ಎದ್ದು ನಿಂತು ಥ್ಯಾಂಕ್ಯೂ ಹೇಳಿದ್ರು, ಫೋಟೋ ತೆಗೆದ್ವಿ, ನೇತಾರರ ಫೋಟೋ ಫ್ರೇಮ್‌ನಲ್ಲಿ ಅರ್ಧ ಕಟ್ ಆಗದ ಹಾಗೆ ಎರಡು ಸಲ ಸರಿಮಾಡ್ಕೊಂಡು. ಸೆಪ್ಟೆಂಬರ್‌ಗೆ ವಾಪಸ್ ಬರ್ತೀನಿ ಅಂತಲೇ ನಾನು ಎಲ್ಲರಿಗೂ ಹೇಳಿದ್ದೆ, ಟಿಕೆಟ್ ಬಗ್ಗೆನೂ ಮಾತಾಡಿದ್ದೆ, ಆಗಿನ್ನೂ ನನಗೂ ಹಾಗೇ ಇತ್ತು ಮನಸ್ಸಲ್ಲಿ. ಎಲ್ಲ ಹೋದ ಮೇಲೆ ಅವನು ಬೋರ್ಡ್ ಒರೆಸೋಕೆ ಅಂತ ಉಳ್ಕೊಂಡ. ಅವತ್ತು ಅವನದೇ ಸರದಿ ಇದ್ದಿರ್ಬೇಕು. ಒರೆಸಿ, ಡಸ್ಟರ್ ಕೆಳಗಿಟ್ಟು, ಕೈ ಪ್ಯಾಂಟಿಗೆ ಒರೆಸ್ಕೊಂಡು, ನನ್ನ ಕಡೆ ತಿರುಗಿ ಇಂಗ್ಲಿಷ್‌ನಲ್ಲಿ ನಿಧಾನಕ್ಕೆ ಹೇಳಿದ: ಟೀಚರ್, ಇಫ್ ಯೂ ಕಮ್ ಇನ್ ಸೆಪ್ಟೆಂಬರ್, ವಿ ವಿಲ್ ಸ್ಪೀಕ್ ಬೆಟರ್ ದ್ಯಾನ್ ನೌ.

ವೆನ್ ಅನ್ನಲಿಲ್ಲ. ನಾನು ತಿದ್ದೋಕೂ ಏನಿರ್ಲಿಲ್ಲ, ವ್ಯಾಕರಣ ಸರಿಯಾಗಿತ್ತು.